ಹೊಳೆಸಾಲಿನ ಊರಿಗೊಂದು ನೀರಿನ ಪುಸ್ತಕ: ನೆರೆಗೂ ಬರಕ್ಕೂ ಊರೇ ಸಜ್ಜಾಗುವ ಬಗೆ

2019ರ ಮೇ ತಿಂಗಳಲ್ಲಿ ಚಿಕ್ಕೋಡಿ, ಅಥಣಿ ಕಡೆ ಕೃಷ್ಣಾ ಹೊಳೆ ಒಣಗಿತ್ತು. ಮಹಾರಾಷ್ಟ್ರದ ಕೊಯ್ನಾ ಡ್ಯಾಮಿನಿಂದ ನೀರು ಬಿಡಿಸಿ ಎಂದು ಜನ ಬೀದಿಗಿಳಿದಿದ್ದರು. ಅದೇ ವರ್ಷ ಆಗಸ್ಟ್ ಮೊದಲ ವಾರ ದಾಟುವಷ್ಟರಲ್ಲಿ ಅದೇ ಊರುಗಳ ಜನ ಮಾಳಿಗೆ ಹತ್ತಿ ಬೋಟಿಗೆ ಕಾಯುತ್ತಿದ್ದರು. ನಡುವೆ ಇದ್ದದ್ದು ಮೂರೇ ತಿಂಗಳು.

ಕೃಷ್ಣೆಯ ಕಣಿವೆಗೆ ಇದು ಹೊಸದೇನಲ್ಲ. 2005, 2009, 2019, 2021ರಲ್ಲಿ ನೆರೆ. 2016ರಲ್ಲಿ, 2023ರಲ್ಲಿ ಬರ. 2016ರಲ್ಲಿ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಹೋಯಿತಲ್ಲ, ಅದನ್ನು ತುಂಬಿಸಿದ್ದು ಮಿರಜ್‌ನಲ್ಲಿ. ಮೂರು ವರ್ಷಕ್ಕೆ ಪಕ್ಕದ ಸಾಂಗ್ಲಿಯೇ ಮುಳುಗಿತು. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಮರುವರ್ಷ ಜುಲೈ ಕೊನೆಗೆ ಅದೇ ಹೊಳೆಯ ದಂಡೆಯಲ್ಲಿ ಕೆಳಮಟ್ಟದ ಸೇತುವೆಗಳು ನೀರಿನಡಿ ಹೋದವು.

ಸರ್ಕಾರ ಮಾಡಬೇಕಾದದ್ದು ಬೇಕಾದಷ್ಟಿದೆ. ಈ ಲೇಖನದಲ್ಲಿ ಇರುವುದು ಊರಿನವರೇ ಮಾಡಿಕೊಳ್ಳಬಹುದಾದ ಕೆಲಸ. ಅದಕ್ಕೆ ಹತ್ತು ಹದಿನೈದು ಜನ, ಒಂದು ದಪ್ಪ ರಟ್ಟಿನ ಪುಸ್ತಕ, ಎರಡು ಡಬ್ಬಿ ಆಯಿಲ್ ಪೇಂಟ್ ಸಾಕು. ನನ್ನ ಪ್ರಕಾರ ಇಡೀ ಕೆಲಸದ ಜೀವ ಒಂದೇ ಕಡೆ ಇದೆ. ಎಚ್ಚರಿಕೆ ಬರುವುದು ಕ್ಯೂಸೆಕ್‌ನಲ್ಲಿ (ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಎಂಬ ಲೆಕ್ಕ), ನೀರು ಏರುವುದು ಗುಡಿಯ ಮೆಟ್ಟಿಲಲ್ಲಿ. ಈ ಎರಡನ್ನೂ ಜೋಡಿಸಿ ಬರೆದಿಟ್ಟುಕೊಂಡ ಊರಿಗೆ ಹೊರಡಲು ಟೈಮ್ ಸಿಗುತ್ತದೆ. ಬರೆದಿಟ್ಟುಕೊಳ್ಳದ ಊರು ಟಿವಿ ನೋಡುತ್ತಾ ಕೂರುತ್ತದೆ.

ಹೆಜ್ಜೆ 1: ನಿಮ್ಮೂರಿಗೆ ಬರುವ ನೀರು ಎಲ್ಲಿಯದು?

ಮೊದಲ ಸಭೆಯಲ್ಲಿ ಒಂದು ದೊಡ್ಡ ಹಾಳೆ ಹಾಸಿ. ನಿಮ್ಮೂರಿನಿಂದ ಮೇಲಕ್ಕೆ ಹೊಳೆಯ ಗೆರೆ ಎಳೆಯುತ್ತಾ ಹೋಗಿ. ಎಲ್ಲೆಲ್ಲಿ ಬೇರೆ ಹೊಳೆ ಸೇರುತ್ತದೆ, ಎಲ್ಲಿ ಅಣೆಕಟ್ಟೆ ಇದೆ, ಎಲ್ಲಿ ಬ್ಯಾರೇಜ್ ಇದೆ ಎಂದು ಗುರುತು ಮಾಡಿ. ಕಾಗವಾಡ, ಚಿಕ್ಕೋಡಿ ಕಡೆಯವರಾದರೆ ನಿಮ್ಮ ಗೆರೆ ಮಹಾಬಳೇಶ್ವರದ ತನಕ ಹೋಗುತ್ತದೆ. ಕೊಯ್ನಾ ಕರಾಡದಲ್ಲಿ ಸೇರುತ್ತದೆ. ವಾರಣಾ ಸಾಂಗ್ಲಿ ಬಳಿ, ಪಂಚಗಂಗಾ ನರಸೋಬವಾಡಿಯಲ್ಲಿ. ದೂಧಗಂಗಾ, ವೇದಗಂಗಾ ಇನ್ನೊಂದು ಕಡೆಯಿಂದ ಬರುತ್ತವೆ. ಗೋಕಾಕ, ಮುಧೋಳದವರಿಗೆ ಹಿಡಕಲ್ ಡ್ಯಾಮ್ ಒಂದನ್ನೇ ನೋಡಿದರೆ ಸಾಲದು. ಹಿರಣ್ಯಕೇಶಿ, ಮಾರ್ಕಂಡೇಯ ಎರಡೂ ಹಿಡಕಲ್‌ನ ಕೆಳಗೆ ಘಟಪ್ರಭೆಗೆ ಸೇರುತ್ತವೆ. ಡ್ಯಾಮಿನ ಗೇಟು ಮುಚ್ಚಿದ್ದರೂ ಲೋಳಸೂರ ಸೇತುವೆಗೆ ನೀರು ಬರಬಹುದು.

ಈಗ ಮುಖ್ಯ ಪ್ರಶ್ನೆ. ನಿಮ್ಮದು ದೂರದ ಮಳೆಯ ನೆರೆಯೋ, ಸ್ಥಳೀಯ ಮಳೆಯ ನೆರೆಯೋ?

ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿ.ಮೀ.ಗೂ ಜಾಸ್ತಿ ಮಳೆ. ವಿಜಯಪುರದಲ್ಲಿ 600 ಮಿ.ಮೀ. ಆಸುಪಾಸು. ಹಾಗಾಗಿ ಜುಲೈ, ಆಗಸ್ಟ್‌ನಲ್ಲಿ ನಮ್ಮಲ್ಲಿ ಬಿಸಿಲು ಹೊಡೆಯುತ್ತಿದ್ದರೂ ಹೊಳೆ ಏರುತ್ತದೆ. ಮೇಲೆ ಮೋಡ ಇಲ್ಲ, ಮಳೆ ಇಲ್ಲ ಎಂದು ಜನ ನಂಬುವುದೇ ಇಲ್ಲ. ಆದರೆ ಈ ನೆರೆ ದೂರದಿಂದ ಬರುವುದರಿಂದ ಸುಳಿವು ಮೊದಲೇ ಸಿಗುತ್ತದೆ.

ಇನ್ನೊಂದು ಬಗೆ 2009ರದು. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ವಿಜಯಪುರ, ಬಾಗಲಕೋಟೆ, ರಾಯಚೂರು ನೆಲದ ಮೇಲೆಯೇ ಸುರಿದ ಮಳೆ ಅದು. ರಾಜ್ಯದಲ್ಲಿ ಇನ್ನೂರಕ್ಕೂ ಜಾಸ್ತಿ ಜನ ಸತ್ತರು. ಬೆಣ್ಣೆಹಳ್ಳ, ಡೋಣಿಯಂಥ ಹಳ್ಳಕೊಳ್ಳಗಳ ನೆರೆಯೂ ಇದೇ ಜಾತಿ. ಸಂಜೆ ಮಳೆ ಹೊಡೆದರೆ ರಾತ್ರಿಗೇ ನೀರು. ಡ್ಯಾಮಿನ ಸುದ್ದಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಇಂಥ ಊರಿನವರಿಗೆ ಮೇಲಿನ ಊರಿನ ಮಳೆ ಮಾಪಕ ಮತ್ತು ಒಂದು ಫೋನ್ ನಂಬರ್ ಮುಖ್ಯ. ಕೆಲವು ಊರಿಗೆ ಎರಡೂ ಬಗೆಯ ಕಾಟ ಇದೆ. ಮಲಪ್ರಭೆ ದಂಡೆಯ ಕೊಣ್ಣೂರಿನಂಥ ಕಡೆ ನವಿಲುತೀರ್ಥ ಡ್ಯಾಮಿನ ನೀರೂ ಬರುತ್ತದೆ, ಸುತ್ತಲ ಹಳ್ಳದ ನೀರೂ ಬರುತ್ತದೆ. ಪುಸ್ತಕದ ಮೊದಲ ಪುಟದಲ್ಲಿ ಇದನ್ನು ಸ್ಪಷ್ಟ ಬರೆಯಿರಿ.

ಹೆಜ್ಜೆ 2: ಬಣ್ಣ ಹಚ್ಚಿ, ಅಂಕಿ ಜೋಡಿಸಿ

ಊರಿನ ಹಿರಿಯರನ್ನು ಕರೆದುಕೊಂಡು ಒಂದು ಸುತ್ತು ಹಾಕಿ. 2005ರಲ್ಲಿ ನೀರು ಎಲ್ಲಿ ನಿಂತಿತ್ತು? 2009ರಲ್ಲಿ? 2019ರಲ್ಲಿ? ಗೋಡೆಯ ಮೇಲೆ ಕಲೆ ಇನ್ನೂ ಇರುತ್ತದೆ, ಇಲ್ಲದಿದ್ದರೆ ನೆನಪು ಇರುತ್ತದೆ. ಶಾಲೆ ಗೋಡೆ, ಗುಡಿ ಕಂಬ, ವಿದ್ಯುತ್ ಕಂಬ, ಬಸ್ ಸ್ಟ್ಯಾಂಡ್ ಹೀಗೆ ಐದಾರು ಕಡೆ ಆ ಮಟ್ಟಕ್ಕೆ ಬಣ್ಣದ ಗೆರೆ ಎಳೆದು ಇಸವಿ ಬರೆಯಿರಿ. ಹೆಂಗಸರನ್ನು ತಪ್ಪದೆ ಕೇಳಿ. ಅಡುಗೆ ಮನೆಯಲ್ಲಿ ಯಾವ ಗೂಡಿನ ತನಕ ನೀರು ಬಂತು ಎಂದು ಅವರಿಗೇ ಗೊತ್ತಿರುತ್ತದೆ.

ಆಮೇಲೆ ಹೊಳೆ ದಂಡೆಯಲ್ಲಿ ಮೂರು ಗುರುತು ಆರಿಸಿ. ಹಳದಿ, ಕೇಸರಿ, ಕೆಂಪು. ಇವನ್ನು ಸುಮ್ನೆ ಅಂದಾಜಿಗೆ ಹಾಕಬೇಡಿ, ಕೆಲಸಕ್ಕೆ ಜೋಡಿಸಿ ಹಾಕಿ. ಹಳದಿ ಎಂದರೆ ದಂಡೆಯ ಪಂಪ್‌ಸೆಟ್ ಬಿಚ್ಚಿ ಮೇಲೆ ತರುವ ಹೊತ್ತು. ಕೇಸರಿ ಎಂದರೆ ದನಕರು, ವಯಸ್ಸಾದವರು, ಬಸುರಿ-ಬಾಣಂತಿಯರು ಹೊರಡುವ ಹೊತ್ತು. ಕೆಂಪು ಎಂದರೆ ಎಲ್ಲರೂ ಹೊರಡುವುದು. ಊರಿಂದ ಹೊರಗೆ ಹೋಗುವ ಸೇತುವೆ ಮುಳುಗುವ ಮೊದಲೇ ಕೆಂಪು ಬರಬೇಕು, ಇಲ್ಲದಿದ್ದರೆ ಆ ಗೆರೆಗೆ ಅರ್ಥವೇ ಇಲ್ಲ.

ಮೋಟಾರಿನ ಮಾತು ಮೊದಲು ಹಾಕಿದ್ದಕ್ಕೆ ಕಾರಣ ಇದೆ. ಹೊಳೆ ಏರುವಾಗ ಮೋಟಾರು, ಕೇಬಲ್ಲು, ಪೈಪು ಉಳಿಸಿಕೊಳ್ಳಲು ಕತ್ತಲಲ್ಲಿ ನೀರಿಗೆ ಇಳಿಯುವುದು ನಮ್ಮ ಕಡೆ ಮಾಮೂಲು. ಕರೆಂಟು, ಸೆಳವು ಎರಡೂ ಅಲ್ಲೇ ಇರುತ್ತವೆ. ನೀರು ಹಳದಿ ಗೆರೆ ಮುಟ್ಟಿದಾಗಲೇ ಮೋಟಾರು ಬಿಚ್ಚಬೇಕು, ಗೆರೆ ದಾಟಿದ ಮೇಲೆ ಯಾರೂ ಅದಕ್ಕೆ ಕೈ ಹಾಕಬಾರದು ಎಂದು ಊರಿನ ಸಭೆಯಲ್ಲೇ ತೀರ್ಮಾನ ಮಾಡಿ.

ಈಗ ಅಂಕಿ. ಮಳೆಗಾಲದಲ್ಲಿ ದಿನಕ್ಕೆ ಎರಡು ಸಲ, ನೆರೆ ಬರುವಾಗ ಗಂಟೆಗೊಂದು ಸಲ, ಒಬ್ಬರು ನೀರಿನ ಮಟ್ಟ ನೋಡಿ ಬರೆಯಬೇಕು. ಪಕ್ಕದಲ್ಲಿ ಮೇಲಿನ ಡ್ಯಾಮ್ ಅಥವಾ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ ಬಿಟ್ಟಿದ್ದಾರೆ, ಯಾವಾಗ ಬಿಟ್ಟರು ಎಂದು ಬರೆಯಿರಿ. ಪುಟ ಹೀಗೆ ಕಾಣಬಹುದು. ಅಂಕಿಗಳು ಬರೀ ಮಾದರಿ, ನಿಮ್ಮೂರಿನದು ಬೇರೆಯೇ ಇರುತ್ತದೆ:

ಸೋಮವಾರ ಬೆಳಿಗ್ಗೆ 8 – ಮೇಲಿನ ಬ್ಯಾರೇಜ್ 90,000 ಕ್ಯೂಸೆಕ್ – ನೀರು ಗುಡಿಯ 4ನೇ ಮೆಟ್ಟಿಲು
ಸೋಮವಾರ ಸಂಜೆ 6 – 1,20,000 – ಇನ್ನೂ 4ನೇ ಮೆಟ್ಟಿಲು
ಮಂಗಳವಾರ ಬೆಳಿಗ್ಗೆ 8 – 1,25,000 – 7ನೇ ಮೆಟ್ಟಿಲು

ಇದನ್ನು ಓದುವುದು ಹೇಗೆ? ಮೇಲೆ ಸಂಜೆ ಜಾಸ್ತಿಯಾದ ನೀರು ನಮ್ಮಲ್ಲಿ ರಾತ್ರಿ ಕಳೆದು ಏರಿದೆ. ಅಂದರೆ ನಮಗೆ ಸುಮಾರು ಅರ್ಧ ದಿನದ ಅವಕಾಶ ಇದೆ. 1,20,000 ಬಿಟ್ಟರೆ 7ನೇ ಮೆಟ್ಟಿಲು. ಎರಡು ಮಳೆಗಾಲ ಹೀಗೆ ಬರೆದರೆ ನಿಮ್ಮೂರಿನದೇ ಒಂದು ಕೋಷ್ಟಕ ತಯಾರಾಗುತ್ತದೆ. ಯಾವ ಕಚೇರಿಯಲ್ಲೂ ಇಷ್ಟು ಸರಿಯಾದ ಲೆಕ್ಕ ನಿಮ್ಮೂರಿನ ಬಗ್ಗೆ ಸಿಗುವುದಿಲ್ಲ. ಒಂದು ಎಚ್ಚರ: ಕೆಳಗಡೆ ಹೊಳೆ ತುಂಬಿ ನಿಂತಿದ್ದರೆ ಅದೇ ಕ್ಯೂಸೆಕ್‌ಗೆ ನಿಮ್ಮಲ್ಲಿ ನೀರು ಇನ್ನೂ ಮೇಲೆ ಬರುತ್ತದೆ. ಎರಡು ಹೊಳೆ ಕೂಡುವ ಜಾಗದಲ್ಲಿರುವ ಊರುಗಳಿಗೆ ಇದು ಚೆನ್ನಾಗಿ ಗೊತ್ತು. ಹಾಗಾಗಿ ಕೆಳಗಿನ ಬ್ಯಾರೇಜಿನ ಮಟ್ಟಕ್ಕೂ ಒಂದು ಕಾಲಂ ಇರಲಿ.

ಒಂದು ಸಣ್ಣ ಲೆಕ್ಕ ಬಾಯಿಪಾಠ ಮಾಡಿಕೊಳ್ಳಿ. 11,574 ಕ್ಯೂಸೆಕ್ ನೀರು ಇಡೀ ಒಂದು ದಿನ ಹರಿದರೆ 1 ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ. ಆಲಮಟ್ಟಿಗೆ 2 ಲಕ್ಷ ಕ್ಯೂಸೆಕ್ ಒಳಹರಿವು ಎಂದು ಸುದ್ದಿ ಬಂದರೆ ದಿನಕ್ಕೆ 17 ಟಿಎಂಸಿಗೂ ಜಾಸ್ತಿ ಬರುತ್ತಿದೆ ಎಂದು ಅರ್ಥ. ಆಲಮಟ್ಟಿಯ ಒಟ್ಟು ಸಾಮರ್ಥ್ಯ 123 ಟಿಎಂಸಿ. ಅಂದರೆ ಪೂರಾ ಖಾಲಿ ಇದ್ದರೂ ಒಂದು ವಾರಕ್ಕೆ ತುಂಬಿಬಿಡುತ್ತದೆ. ಅರ್ಧ ತುಂಬಿದ್ದರೆ ಎಷ್ಟು ದಿನ ಎಂದು ನೀವೇ ಹೇಳಬಹುದು, ಅಲ್ವಾ?

ಹೆಜ್ಜೆ 3: ಸುದ್ದಿಗೆ ಇಬ್ಬರನ್ನು ನೇಮಿಸಿ

ಊರಿನ ವಾಟ್ಸಾಪ್ ಗ್ರೂಪಿನಲ್ಲಿ ನೆರೆ ಬಂದಾಗ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಎರಡು ವರ್ಷ ಹಳೆಯ ವಿಡಿಯೋ, ‘ಕೊಯ್ನಾ ಒಡೆದಿದೆ’ ಎಂಬ ಗಾಳಿಸುದ್ದಿ. ಅದಕ್ಕೇ ಸುದ್ದಿಯ ಕೆಲಸಕ್ಕೆ ಇಬ್ಬರೇ ಇರಲಿ, ಒಬ್ಬ ಗಂಡಸು, ಒಬ್ಬ ಹೆಂಗಸು. ಅವರು ಹೇಳಿದ್ದೇ ಊರಿನ ಸುದ್ದಿ. ಮರಾಠಿ ಓದಲು ಬರುವವರಿದ್ದರೆ ಇನ್ನೂ ಒಳ್ಳೆಯದು, ಗಡಿಯಾಚೆಯ ಸುದ್ದಿ ಅರ್ಧ ದಿನ ಮೊದಲೇ ಸಿಗುತ್ತದೆ.

ಅವರು ನೋಡಬೇಕಾದದ್ದು:

- ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ದಿನದ ವರದಿ. ಜಲಾಶಯದ ಮಟ್ಟ, ಒಳಹರಿವು, ಹೊರಹರಿವು, ಹೋಬಳಿವಾರು ಮಳೆ ಎಲ್ಲ ಸಿಗುತ್ತದೆ. ಇದೇ ಕೇಂದ್ರದ ‘ವರುಣ ಮಿತ್ರ’ ಸಹಾಯವಾಣಿ 92433 45433. ಕನ್ನಡದಲ್ಲೇ ಮಾತಾಡಬಹುದು.
- ಕೇಂದ್ರ ಜಲ ಆಯೋಗದ ‘ಫ್ಲಡ್‌ವಾಚ್ ಇಂಡಿಯಾ’ ಆ್ಯಪ್. ಹೊಳೆಯ ಮಟ್ಟ ನೋಡಲು.
- ‘ಸಚೇತ್’ ಆ್ಯಪ್. ನಿಮ್ಮ ಜಾಗಕ್ಕೆ ಬಂದ ಅಧಿಕೃತ ಎಚ್ಚರಿಕೆಗಳಿಗೆ.
- ಹವಾಮಾನ ಇಲಾಖೆಯ ಬಣ್ಣದ ಎಚ್ಚರಿಕೆ. 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ.

ಕೃಷ್ಣಾ ದಂಡೆಯವರಿಗೆ ಇನ್ನೆರಡು ಅಂಕಿ ಬಹಳ ಉಪಯೋಗಕ್ಕೆ ಬರುತ್ತವೆ. ಪಂಚಗಂಗೆಗೆ ಕಟ್ಟಿದ ಕೊಲ್ಹಾಪುರದ ರಾಜಾರಾಮ ಬಂಧಾರದಲ್ಲಿ 39 ಅಡಿ ಎಚ್ಚರಿಕೆಯ ಮಟ್ಟ, 43 ಅಡಿ ಅಪಾಯದ ಮಟ್ಟ. ಸಾಂಗ್ಲಿಯ ಇರ್ವಿನ್ ಸೇತುವೆಯಲ್ಲಿ 40 ಮತ್ತು 45. 2019ರಲ್ಲಿ ಎರಡೂ ಕಡೆ 55 ಅಡಿ ದಾಟಿತ್ತು. ರಾಧಾನಗರಿ ಡ್ಯಾಮಿನ ಗೇಟುಗಳು ತಾವಾಗಿಯೇ ತೆರೆದುಕೊಳ್ಳುತ್ತವೆ. ಅವು ತೆರೆದ ಸುದ್ದಿ ಬಂದರೆ ಪಂಚಗಂಗೆ ಏರುತ್ತದೆ ಎಂದು ತಿಳಿಯಿರಿ. ಇನ್ನು ಕೊಯ್ನಾ. ಅದರ ಸಾಮರ್ಥ್ಯ 105 ಟಿಎಂಸಿ. ಎಷ್ಟು ತುಂಬಿದೆ ಎಂಬುದರ ಜೊತೆ ಇವತ್ತು ಯಾವ ತಾರೀಕು ಎಂಬುದನ್ನೂ ನೋಡಬೇಕು. ಸೆಪ್ಟೆಂಬರ್ ಕೊನೆಗೆ 100 ಟಿಎಂಸಿ ಇದ್ದರೆ ಸಂತೋಷ. ಆಗಸ್ಟ್ ಮೊದಲಿಗೇ 100 ಇದ್ದರೆ ಮುಂದೆ ಬರುವ ಮಳೆಗೆ ಜಾಗ ಇಲ್ಲ, ಬಂದದ್ದನ್ನು ಬಂದಂತೆ ಬಿಡಲೇಬೇಕು.

ಭೀಮಾ ದಂಡೆಯವರಿಗೆ ಉಜನಿ ಮತ್ತು ವೀರ್ ಡ್ಯಾಮ್‌ಗಳು ಮುಖ್ಯ. 2020ರ ಅಕ್ಟೋಬರ್ ಮಧ್ಯದಲ್ಲಿ ಭೀಮೆ ಉಕ್ಕಿದ್ದನ್ನು ಅಫಜಲಪುರ, ಇಂಡಿ ಕಡೆಯವರು ಮರೆತಿರಲಾರರು. ಮಳೆಗಾಲ ಮುಗಿಯಿತು ಎಂದು ಪುಸ್ತಕ ಮಡಚಿಡಬೇಡಿ, ಅಕ್ಟೋಬರ್ ಪೂರ್ತಿ ಬರೆಯಿರಿ.

ಮಾತು ಮನೆ ಮನೆಗೆ ಮುಟ್ಟಿಸಲು ಮೊಬೈಲನ್ನು ನಂಬಬೇಡಿ. ನೆರೆಯಲ್ಲಿ ಮೊದಲು ಹೋಗುವುದೇ ಕರೆಂಟು, ಆಮೇಲೆ ಟವರು. ಗುಡಿ, ಮಸೀದಿಯ ಮೈಕಿಗೆ ಬ್ಯಾಟರಿ ಇಟ್ಟಿರಿ. ಡಂಗುರ ಇನ್ನೂ ಕೆಲಸ ಮಾಡುತ್ತದೆ.

ಹೆಜ್ಜೆ 4: ಮನೆಗಳ ಪಟ್ಟಿ, ದನಗಳ ಪಟ್ಟಿ

ಪುಸ್ತಕದ ನಡುವೆ ಹತ್ತು ಹಾಳೆ ಇದಕ್ಕೆ ಬಿಡಿ. ಪ್ರತಿ ಓಣಿಗೂ ಒಬ್ಬರ ಹೊಣೆ. ಯಾವ ಮನೆಯಲ್ಲಿ ನಡೆಯಲಾಗದವರು ಇದ್ದಾರೆ, ಡಯಾಲಿಸಿಸ್‌ಗೆ ಹೋಗುವವರು ಯಾರು, ಒಂಟಿಯಾಗಿ ಇರುವ ಮುದುಕಿ ಯಾರು, ಬಸುರಿಗೆ ಎಷ್ಟನೇ ತಿಂಗಳು. ಆಶಾ ಕಾರ್ಯಕರ್ತೆಯ ಬಳಿ ಇದರ ಅರ್ಧ ಮಾಹಿತಿ ಆಗಲೇ ಇರುತ್ತದೆ. ಕಬ್ಬು ಕಡಿಯಲು ಬಂದ ಗ್ಯಾಂಗು, ಇಟ್ಟಿಗೆ ಭಟ್ಟಿಯವರು, ದಂಡೆಯಲ್ಲಿ ಗುಡಿಸಲು ಹಾಕಿರುವವರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅವರನ್ನು ಮೊದಲು ಬರೆಯಿರಿ.

ಪ್ರತಿ ಮನೆಗೂ ಒಂದು ಪ್ಲಾಸ್ಟಿಕ್ ಚೀಲ: ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಪಹಣಿ, ರೈತರ ಗುರುತಿನ (ಎಫ್‌ಐಡಿ) ನಂಬರ್, ಮಕ್ಕಳ ಮಾರ್ಕ್ಸ್‌ಕಾರ್ಡ್, ದಿನಾ ನುಂಗುವ ಮಾತ್ರೆ. ಎಲ್ಲದರ ಫೋಟೋ ಮೊಬೈಲಲ್ಲೂ ಇರಲಿ. ಇದಕ್ಕಿಂತ ಜಾಸ್ತಿ ಹೇಳುವ ಅಗತ್ಯವಿಲ್ಲ.

ದನದ ವಿಷಯ ಜಾಸ್ತಿ ಹೇಳಬೇಕು. ‘ಜನ ಹೇಳಿದರೂ ಊರು ಬಿಡುವುದಿಲ್ಲ’ ಎಂದು ಅಧಿಕಾರಿಗಳು ಬೇಸರ ಮಾಡಿಕೊಳ್ಳುತ್ತಾರೆ. ಬಿಡದಿರುವುದಕ್ಕೆ ಬಹಳ ಸಲ ಕಾರಣ ಹಟ ಅಲ್ಲ, ಕೊಟ್ಟಿಗೆಯಲ್ಲಿರುವ ಎಮ್ಮೆ. ಎಂಬತ್ತು ಸಾವಿರ, ಲಕ್ಷ ಬೆಲೆಯ ಎಮ್ಮೆಯನ್ನು ಬಿಟ್ಟು ಯಾರು ಹೋಗುತ್ತಾರೆ? ದನಕ್ಕೆ ಜಾಗ ಮಾಡಿದರೆ ಜನ ತಾವೇ ಹೊರಡುತ್ತಾರೆ. 2009ರ ನೆರೆಯ ಮೇಲೆ ಕಟ್ಟಿದ ‘ಆಸರೆ’ ಮನೆಗಳಲ್ಲಿ ಎಷ್ಟೋ ಕಡೆ ಜನ ಹೋಗಿ ನೆಲೆಸಲಿಲ್ಲ. ಹೊಲ ದೂರ, ಮನೆ ಚಿಕ್ಕದು, ದನ ಕಟ್ಟಲು ಜಾಗ ಇಲ್ಲ. ಅದೇ ಪಾಠ ನೆರೆಯ ಹೊತ್ತಿಗೆ ಜನ ಹೋಗಿ ಉಳಿಯುವ ಕಾಳಜಿ ಕೇಂದ್ರಕ್ಕೂ ಅನ್ವಯಿಸುತ್ತದೆ.

ಹಾಗಾಗಿ ಎತ್ತರದ ಜಾಗವೊಂದನ್ನು ದನಗಳಿಗೆಂದೇ ಮೊದಲೇ ಗೊತ್ತು ಮಾಡಿ. ನೀರಿನ ತೊಟ್ಟಿ, ಗೂಟ, ತಾಡಪತ್ರಿ ಅಲ್ಲಿ ಸಿದ್ಧ ಇರಲಿ. ಕಣಿಕೆಯ ಬಣಿವೆಯನ್ನು ಹೊಳೆ ದಂಡೆಯ ಹೊಲದಲ್ಲಿ ಒಟ್ಟಬೇಡಿ, ಮೇ ತಿಂಗಳಲ್ಲೇ ಎತ್ತರಕ್ಕೆ ಸಾಗಿಸಿ. ಮಳೆಗಾಲದ ಮೊದಲು ಗಂಟಲು ಬೇನೆ, ಚಪ್ಪೆ ಬೇನೆಯ ಲಸಿಕೆ ಹಾಕಿಸಿ. ದನ ಸತ್ತರೆ ಪರಿಹಾರಕ್ಕೆ ಪಶುವೈದ್ಯರ ವರದಿ ಕೇಳುತ್ತಾರೆ, ಕಿವಿಯೋಲೆ ನಂಬರ್ ಬರೆದಿಟ್ಟಿರಿ. ಸಾಗಿಸಲು ಆಗದೇ ಹೋದರೆ ಕೊನೇಪಕ್ಷ ಹಗ್ಗ ಬಿಚ್ಚಿಬಿಡಿ.

ಹೆಜ್ಜೆ 5: ನೀರು ಬಂದ ದಿನ

ಸೇತುವೆ ಮೇಲೆ ನೀರು ಹರಿಯುತ್ತಿದ್ದರೆ ದಾಟಬಾರದು. ಇದನ್ನು ಎಷ್ಟು ಸಲ ಹೇಳಿದರೂ ಪ್ರತಿ ವರ್ಷ ಯಾರಾದರೂ ಬೈಕು ಇಳಿಸುತ್ತಾರೆ. ಮೊಣಕಾಲುದ್ದದ ಸೆಳವು ಗಟ್ಟಿ ಆಳನ್ನೂ ಕೆಡವುತ್ತದೆ. ಎರಡಡಿ ಸೆಳವು ಜೀಪನ್ನೇ ತೇಲಿಸುತ್ತದೆ. ಕೆಳಗೆ ರಸ್ತೆ ಕೊಚ್ಚಿಹೋಗಿದ್ದರೆ ಮೇಲಿನಿಂದ ಕಾಣುವುದೂ ಇಲ್ಲ. ಸೇತುವೆಯ ಎರಡೂ ಕಡೆ ಅಡ್ಡಗೋಲು ಹಾಕಿ, ಇಬ್ಬರು ಯುವಕರನ್ನು ನಿಲ್ಲಿಸಿ. ಪೊಲೀಸರು ಬರುವ ತನಕ ಕಾಯಬೇಡಿ.

ಕೇಸರಿ ಗೆರೆ ಮುಟ್ಟಿದಾಗ ಲೈನ್‌ಮನ್‌ಗೆ ಹೇಳಿ ತಗ್ಗಿನ ಓಣಿಯ ಕರೆಂಟ್ ತೆಗೆಸಿ. ಗ್ಯಾಸ್ ಸಿಲಿಂಡರ್ ಬಂದ್ ಮಾಡಿ ಕಟ್ಟಿಡಿ, ತೇಲಿ ಹೋಗುತ್ತವೆ. ಕೀಟನಾಶಕದ ಡಬ್ಬಿಗಳನ್ನು ಮಾಡಿನ ಮೇಲಿಡಿ, ಇಲ್ಲದಿದ್ದರೆ ಇಡೀ ಓಣಿಯ ನೀರು ವಿಷವಾಗುತ್ತದೆ. ಹೊರಡುವ ಮುಂಚೆ ಬಾಗಿಲಿಗೆ ಸುಣ್ಣದಲ್ಲಿ ಒಂದು ಗುರುತು ಹಾಕಿ, ಮನೆ ಖಾಲಿ ಎಂದು ಬೋಟಿನವರಿಗೆ ತಿಳಿಯುತ್ತದೆ. ತುರ್ತಿಗೆ 112, ಜಿಲ್ಲಾ ನಿಯಂತ್ರಣ ಕೊಠಡಿಗೆ 1077.

ನಡುಗಡ್ಡೆಯ ಊರುಗಳ ಕಥೆ ಬೇರೆ. ಲಿಂಗಸುಗೂರು, ದೇವದುರ್ಗ ಕಡೆ ನಾರಾಯಣಪುರ ಡ್ಯಾಮಿನಿಂದ ನೀರು ಬಿಟ್ಟರೆ ಸಂಪರ್ಕವೇ ಕಡಿದುಹೋಗುತ್ತದೆ. ಮನೆ ಮುಳುಗದಿದ್ದರೂ ವಾರಗಟ್ಟಲೆ ಹೊರಗೆ ಬರಲು ಆಗದು. ಅಂಥ ಕಡೆ ಜುಲೈಗೆ ಮುಂಚೆಯೇ ಒಂದು ತಿಂಗಳ ರೇಷನ್, ಔಷಧಿ ತರಿಸಿಟ್ಟುಕೊಳ್ಳಬೇಕು. ಹೆರಿಗೆ ಹತ್ತಿರ ಬಂದವರನ್ನು ದಂಡೆಯಾಚೆಯ ನೆಂಟರ ಮನೆಗೆ ಕಳಿಸಬೇಕು.

ಕಾಳಜಿ ಕೇಂದ್ರ ಸಾಮಾನ್ಯವಾಗಿ ಶಾಲೆಯಲ್ಲೇ ಇರುತ್ತದೆ. ಜೂನ್‌ನಲ್ಲೇ ಹೋಗಿ ನೋಡಿ. ಆ ಶಾಲೆ 2019ರ ಗೆರೆಗಿಂತ ಮೇಲಿದೆಯಾ? ಹೆಂಗಸರ ಶೌಚಾಲಯಕ್ಕೆ ಬಾಗಿಲಿದೆಯಾ, ನೀರಿದೆಯಾ, ಬಲ್ಬಿದೆಯಾ? ಸ್ಯಾನಿಟರಿ ಪ್ಯಾಡ್, ಬಾಣಂತಿಗೆ ಬೇರೆ ಕೋಣೆ, ರಾತ್ರಿ ಕಾವಲು ಇವು ಮೂರೂ ಪಟ್ಟಿಯಲ್ಲಿ ಇರಲಿ. ಅಡುಗೆಯನ್ನು ಊರಿನ ಮಹಿಳಾ ಸಂಘಕ್ಕೆ ಕೊಡಿಸಿದರೆ ಊಟವೂ ಸರಿ ಇರುತ್ತದೆ, ಜಗಳವೂ ಕಮ್ಮಿ.

ಹಾವು ಕಚ್ಚಿದರೆ ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ. ಅಲ್ಲಾಡಿಸದೆ ಆಸ್ಪತ್ರೆಗೆ ಒಯ್ಯಿರಿ. ವಿಷನಿರೋಧಕ ಔಷಧಿ ಹತ್ತಿರ ಯಾವ ಆಸ್ಪತ್ರೆಯಲ್ಲಿದೆ, ನೀರು ಬಂದಾಗ ಯಾವ ದಾರಿಯಲ್ಲಿ ಹೋಗಬೇಕು ಎಂದು ಮೊದಲೇ ಬರೆದಿಟ್ಟಿರಿ.

ಹೆಜ್ಜೆ 6: ನೀರು ಇಳಿದ ಮೇಲೆ, ಕಸಬರಿಗೆಗಿಂತ ಮುಂಚೆ ಮೊಬೈಲ್

ಮನೆಗೆ ಬಂದ ಕೂಡಲೇ ಕೆಸರು ಬಳಿಯಲು ಶುರು ಮಾಡುತ್ತೇವೆ. ತಡೆಯಿರಿ. ಮೊದಲು ಫೋಟೋ. ಗೋಡೆಯ ಮೇಲಿನ ನೀರಿನ ಗೆರೆ, ಬಿದ್ದ ಗೋಡೆ, ಹಾಳಾದ ಸಾಮಾನು, ಮನೆಯ ನಂಬರ್ ಕಾಣುವ ಹಾಗೆ. ಜಾಗ ಮತ್ತು ತಾರೀಕು ಬರುವ ಕ್ಯಾಮೆರಾ ಆ್ಯಪ್ ಇದ್ದರೆ ಅದರಲ್ಲೇ ತೆಗೆಯಿರಿ. ಮನೆ ಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸಿದಾಗ ಬರುವ ಹಣದಲ್ಲಿ ಬಹಳ ವ್ಯತ್ಯಾಸ ಇರುತ್ತದೆ. ಮಣ್ಣಿನ ಗೋಡೆ ಎಷ್ಟೋ ಸಲ ನೀರಲ್ಲಿ ನಿಂತಾಗ ಬೀಳದೆ ಒಣಗುವಾಗ ಬೀಳುತ್ತದೆ, ಸಮೀಕ್ಷೆ ಆದ ಮೇಲೆ. ಹೀಗಾದರೆ ಮರು ಸಮೀಕ್ಷೆಗೆ ಅರ್ಜಿ ಕೊಡಿ. ಹಳೆಯ ಮಣ್ಣಿನ ಮನೆಗೆ ಕೂಡಲೇ ವಾಪಸ್ ಹೋಗಿ ಮಲಗಲೂ ಬೇಡಿ.

ಬೆಳೆ ವಿಮೆ ಮಾಡಿಸಿದ್ದರೆ ನಿಮ್ಮ ಹೊಲಕ್ಕಾದ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ಗಂಟೆ ಎಣಿಸುವುದು ಮರೆತೇ ಎಷ್ಟೋ ಜನರ ಕ್ಲೇಮು ಹೋಗುತ್ತದೆ. ಸರ್ಕಾರದ ಬೆಳೆ ಪರಿಹಾರ ಬೇರೆ, ವಿಮೆ ಬೇರೆ. ವಿಪತ್ತು ನಿಧಿಯ ಪರಿಹಾರಕ್ಕೆ ಬೆಳೆ ನಷ್ಟ ಶೇ 33 ಅಥವಾ ಹೆಚ್ಚು ಇರಬೇಕು, ಎರಡು ಹೆಕ್ಟೇರ್ ತನಕ ಮಾತ್ರ. ಪಹಣಿಯಲ್ಲಿ ಬೆಳೆ ತಪ್ಪು ನಮೂದಾಗಿದ್ದರೆ ಎಲ್ಲ ಕೆಟ್ಟಂತೆ. ಬೆಳೆ ಸಮೀಕ್ಷೆಯ ಹೊತ್ತಿಗೇ ಅದನ್ನು ನೋಡಿಕೊಳ್ಳಿ.

ಕಬ್ಬು ಮುಳುಗಿದ್ದರೆ ಸುಳಿ ನೋಡಿ. ಸುಳಿ ನೀರಿನ ಮೇಲೆ ಉಳಿದಿದ್ದರೆ ನೀರು ಬಸಿದು ಹೋದ ಮೇಲೆ ಬೆಳೆ ಚೇತರಿಸಿಕೊಳ್ಳುವ ಅವಕಾಶ ಇದೆ. ಸುಳಿಯೇ ಕೊಳೆತು ಗಣ್ಣುಗಳಲ್ಲಿ ಚಿಗುರು ಒಡೆದಿದ್ದರೆ ಕಾಯಬೇಡಿ, ಕಾರ್ಖಾನೆಯವರ ಜೊತೆ ಮಾತಾಡಿ ಬೇಗ ಕಡಿಸಿ. ಇಡೀ ಊರು ಒಟ್ಟಾಗಿ ಕೇಳಿದರೆ ಕಟಾವಿನ ಸರದಿ ಬದಲಾಗುತ್ತದೆ, ಒಬ್ಬೊಬ್ಬರೇ ಹೋದರೆ ಆಗುವುದಿಲ್ಲ.

ಕುಡಿಯುವ ನೀರಿಗೆ 1,000 ಲೀಟರ್‌ಗೆ ಒಳ್ಳೆ ಬ್ಲೀಚಿಂಗ್ ಪೌಡರ್ ಸುಮಾರು 2.5 ಗ್ರಾಂ, ಬೆರೆಸಿ ಒಂದು ಗಂಟೆ ಬಿಡಬೇಕು. 50,000 ಲೀಟರ್ ಟ್ಯಾಂಕಿಗೆ 125 ಗ್ರಾಂ ಆಯಿತು. ನೆರೆಯ ರಾಡಿ ನೀರಿಗೆ ಇಷ್ಟು ಸಾಲದು. ಪಂಚಾಯಿತಿಯ ಪರೀಕ್ಷಾ ಕಿಟ್‌ನಲ್ಲಿ ನಳದ ನೀರು ನೋಡಿ, ಉಳಿದ ಕ್ಲೋರಿನ್ ಲೀಟರ್‌ಗೆ 0.5 ಮಿ.ಗ್ರಾಂ ಬರುವ ಹಾಗೆ ಹಾಕಿಸಿ. ಹಳೆಯ ಡಬ್ಬಿ, ತೆರೆದಿಟ್ಟ ಚೀಲದ ಪೌಡರ್ ಶಕ್ತಿ ಕಳೆದುಕೊಂಡಿರುತ್ತದೆ. ಕೆಸರಲ್ಲಿ ಕೆಲಸ ಮಾಡಿದವರಿಗೆ ಜ್ವರ, ಮೀನಖಂಡ ನೋವು ಬಂದರೆ ಇಲಿಜ್ವರ ಇರಬಹುದು. ತಡ ಮಾಡದೆ ಡಾಕ್ಟರ್‌ಗೆ ತೋರಿಸಿ.

ಹೆಜ್ಜೆ 7: ಅದೇ ಪುಸ್ತಕ, ಹಿಂದಿನಿಂದ ತೆರೆದರೆ ಬರ

ಪುಸ್ತಕವನ್ನು ತಿರುಗಿಸಿ ಹಿಂದಿನಿಂದ ಬರೆಯಲು ಶುರು ಮಾಡಿ. ನೆರೆ ಗಂಟೆಯ ಲೆಕ್ಕದಲ್ಲಿ ಬರುತ್ತದೆ, ಬರ ವಾರದ ಲೆಕ್ಕದಲ್ಲಿ. ನಿಧಾನ ಬರುವುದರಿಂದ ಯಾರೂ ಬರೆಯುವುದಿಲ್ಲ. ಬೋರು ನಿಂತ ದಿನವೇ ಬರ ಬಂತು ಎನ್ನುತ್ತೇವೆ.

ಊರಿನ ಐದಾರು ಬೋರ್‌ವೆಲ್, ಎರಡು ತೆರೆದ ಬಾವಿ ಆರಿಸಿ. ತಿಂಗಳಿಗೊಮ್ಮೆ ಬಾವಿಗೆ ಹಗ್ಗ ಇಳಿಸಿ ನೀರಿನ ಆಳ ಅಳೆಯಿರಿ. ಬೋರ್‌ಗಳಲ್ಲಿ ಒಂದೇ ಸಮ ಎಷ್ಟು ಹೊತ್ತು ನೀರು ಬರುತ್ತದೆ ಎಂದು ಬರೆಯಿರಿ. ನವೆಂಬರ್ ಕೊನೆಗೆ ಕೂತು ಲೆಕ್ಕ ಹಾಕಿ. 2,000 ಜನರ ಊರಿಗೆ ತಲೆಗೆ 55 ಲೀಟರ್‌ನಂತೆ ದಿನಕ್ಕೆ 1.1 ಲಕ್ಷ ಲೀಟರ್ ಬೇಕು. ಟ್ಯಾಂಕರಿನಲ್ಲಿ ತರುವುದಾದರೆ 5,000 ಲೀಟರಿನ 22 ಟ್ರಿಪ್, ದನದ ನೀರು ಬಿಟ್ಟು. ಈ ಲೆಕ್ಕವನ್ನು ಗ್ರಾಮಸಭೆಯ ಗೋಡೆ ಮೇಲೆ ಬರೆದರೆ ಸಾಕು, ಬೇಸಿಗೆಯ ಕಬ್ಬಿಗೆ ಹೊಸ ಬೋರ್ ಕೊರೆಸುವ ಮಾತು ತಾನಾಗಿಯೇ ಚರ್ಚೆಗೆ ಬರುತ್ತದೆ. ಕುಡಿಯುವ ನೀರಿನ ಬೋರ್ ಪಕ್ಕದಲ್ಲಿ ಹೊಸದು ಕೊರೆಯಬಾರದು ಎಂದು ಊರೇ ಗೆರೆ ಹಾಕಿಕೊಳ್ಳಬೇಕು. ಇದು ಜಗಳದ ವಿಷಯ, ಗೊತ್ತು. ಮಾರ್ಚ್‌ನಲ್ಲಿ ಆಡುವ ಜಗಳಕ್ಕಿಂತ ನವೆಂಬರ್‌ನಲ್ಲಿ ಆಡುವುದು ಮೇಲು.

ನೂರು ಚದರ ಮೀಟರ್ ಮಾಳಿಗೆಯ ಮೇಲೆ 600 ಮಿ.ಮೀ. ಮಳೆ ಬಿದ್ದರೆ 60,000 ಲೀಟರ್. ಹತ್ತರಲ್ಲಿ ಎಂಟು ಪಾಲು ಹಿಡಿದರೂ 48,000. ಶಾಲೆ, ಪಂಚಾಯಿತಿ, ಗುಡಿಯ ಮಾಳಿಗೆಗಳಿಂದ ಶುರು ಮಾಡಿ. ಹೊಲದಲ್ಲಿ ಕೃಷಿ ಹೊಂಡ ಇದ್ದರೆ ಮುಂಗಾರಿನಲ್ಲಿ ತುಂಬಿ, ಹಿಂಗಾರಿನ ಜೋಳಕ್ಕೋ ಕಡಲೆಗೋ ತೆನೆ ಕಟ್ಟುವಾಗ ಒಂದು ನೀರು ಕೊಡಬಹುದು. ಆ ಒಂದು ನೀರಿನಿಂದ ಆಗುವ ವ್ಯತ್ಯಾಸ ಎರಿ ಭೂಮಿಯವರಿಗೆ ಹೇಳಿಕೊಡಬೇಕಿಲ್ಲ. ಹೊಂಡಕ್ಕೆ ಬೇಲಿ ಹಾಕಿ, ಒಳಗೆ ಹಗ್ಗ ಇಳಿಬಿಡಿ. ಮಕ್ಕಳು ಬಿದ್ದ ಸುದ್ದಿ ಪ್ರತಿ ವರ್ಷ ಓದುತ್ತೇವೆ.

ಎರಿ ಹೊಲದಲ್ಲಿ ಮುಂಗಾರಿನಲ್ಲೇ ಚೌಕು ಮಡಿ ಮಾಡಿಟ್ಟರೆ ಬಿದ್ದ ಮಳೆ ಅಲ್ಲೇ ಇಂಗುತ್ತದೆ. ಬಿರುಕು ಬಿಡುವ ಹೊತ್ತಿಗೆ ಎಡೆ ಹೊಡೆದು ಬಾಯಿ ಮುಚ್ಚಬೇಕು. ಕಬ್ಬಿನ ರವದಿ ಸುಡಬೇಡಿ, ಸಾಲಿನ ನಡುವೆ ಹಾಸಿ. ಹೊಳೆ ದಂಡೆಯ ಹೊಲಗಳಲ್ಲಿ ನೀರು ಜಾಸ್ತಿ ಬಿಟ್ಟು ಸವಳು-ಜವಳಾಗಿರುವುದು ಬೇರೆ ಸಂಕಟ. ಅದಕ್ಕೆ ಬಸಿಗಾಲುವೆ ಬೇಕು, ಒಬ್ಬರ ಹೊಲದಿಂದ ಇನ್ನೊಬ್ಬರ ಹೊಲಕ್ಕೆ ಹಾದು ಹೋಗಬೇಕು. ಹಾಗಾಗಿ ಅದೂ ಊರಿನ ಕೆಲಸವೇ.

ಮೇವಿನ ಲೆಕ್ಕ ಮರೆಯಬೇಡಿ. ನೆರೆಯಿಂದ ಉಳಿಸಿದ ಬಣಿವೆಯೇ ಬರಕ್ಕೆ ಆಧಾರ. ಮಳೆಗಾಲದಲ್ಲಿ ಹಸಿರು ಮೆಕ್ಕೆಜೋಳ ಇದ್ದಾಗ ರಸಮೇವು (ಗಾಳಿಯಾಡದಂತೆ ಒತ್ತಿ ಕೆಡದಂತೆ ಇಡುವ ಹಸಿ ಮೇವು) ಹಾಕಿಡಬಹುದು. ಅದನ್ನು ಮಾತ್ರ ಎತ್ತರದಲ್ಲಿ, ಚೀಲದಲ್ಲಿ ಹಾಕಿ. ತಗ್ಗಿನ ಗುಂಡಿ ಹೊಳೆಸಾಲಿಗೆ ಹೊಂದುವುದಿಲ್ಲ.

ಹೆಜ್ಜೆ 8: ಹಳ್ಳಕ್ಕೆ ಅದರ ದಾರಿ ಬಿಡಿ

‘ಡೋಣಿ ಹರಿದರೆ ಓಣಿಯೆಲ್ಲ ಕಾಳು’ ಎಂಬ ಮಾತು ವಿಜಯಪುರ ಕಡೆ ಇದೆ. ಈಗ ಡೋಣಿ ಹರಿದರೆ ತಾಳಿಕೋಟೆಯ ನೆಲಮಟ್ಟದ ಸೇತುವೆ ಮುಳುಗಿದ ಸುದ್ದಿ ಬರುತ್ತದೆ. ಹೊಳೆಯ ಒಡಲಲ್ಲಿ ಹೂಳು, ದಂಡೆಯಲ್ಲಿ ಜಾಲಿ. ಸಣ್ಣ ಹಳ್ಳಗಳ ಕಥೆಯೂ ಇದೇ. ಜಾಲಿ ಕೀಳಿಸುವುದು, ಮೋರಿಗಳ ಬಾಯಿ ತೆಗೆಯುವುದು, ಒಡ್ಡು, ಬದು, ಕೆರೆ ಹೂಳೆತ್ತುವುದು ಎಲ್ಲ ಉದ್ಯೋಗ ಖಾತ್ರಿ ಕೆಲಸದಲ್ಲಿ ಕೇಳಬಹುದು. ಹಳ್ಳವನ್ನು ಪೂರಾ ನೇರ ಮಾಡಿ, ಎರಡೂ ಕಡೆ ಕಾಂಕ್ರೀಟ್ ಗೋಡೆ ಕಟ್ಟಿಸಿ ಎಂಬ ಬೇಡಿಕೆ ಮಾತ್ರ ನನಗೆ ಅಷ್ಟು ಸರಿ ಕಾಣುವುದಿಲ್ಲ. ನಮ್ಮೂರಿನ ನೀರು ಬೇಗ ಹೋದರೆ ಕೆಳಗಿನ ಊರಿಗೆ ಬೇಗ ಬರುತ್ತದೆ, ಅಷ್ಟೇ. ಜೊತೆಗೆ ಬೇಸಿಗೆಯಲ್ಲಿ ಬಾವಿಗೆ ಇಂಗಬೇಕಾದ ನೀರೂ ಹೋಗುತ್ತದೆ.

ಆಲಮಟ್ಟಿ ಡ್ಯಾಮಿನ ಎತ್ತರದ ಬಗ್ಗೆ ಕರ್ನಾಟಕ, ಮಹಾರಾಷ್ಟ್ರದ ನಡುವೆ ವಾದ ನಡೆಯುತ್ತಲೇ ಇರುತ್ತದೆ. ಅದು ತೀರುವ ತನಕ ಊರುಗಳು ಪರಸ್ಪರ ಮಾತಾಡಬಾರದು ಎಂದೇನೂ ಇಲ್ಲ. ನಿಮ್ಮ ಮೇಲಿನ ಎರಡು ಊರು, ಕೆಳಗಿನ ಎರಡು ಊರಿನ ಸುದ್ದಿಗಾರರ ನಂಬರ್ ಪುಸ್ತಕದಲ್ಲಿ ಇರಲಿ. ಗಡಿಯಲ್ಲಿದ್ದರೆ ಮೇಲಿನ ಊರು ಮಹಾರಾಷ್ಟ್ರದ್ದೇ ಆಗಿರುತ್ತದೆ. ನೆಂಟಸ್ತನ, ಜಾತ್ರೆ, ಸಂತೆ ಎಲ್ಲ ಒಂದೇ ಇರುವಾಗ ಒಂದು ಫೋನ್ ಕರೆ ಕಷ್ಟವೇನಲ್ಲ.

ಯಾವಾಗ ಏನು

ಮೇ ಮೊದಲ ವಾರ ಗ್ರಾಮಸಭೆಯಲ್ಲಿ ಪುಸ್ತಕ ಓದಿ, ಹೆಸರು ಬದಲಾಗಿದ್ದರೆ ತಿದ್ದಿ, ಗೆರೆಗಳಿಗೆ ಹೊಸ ಬಣ್ಣ ಹಚ್ಚಿ. ಜೂನ್ ಮೊದಲ ಭಾನುವಾರ ಒಂದು ಸಲ ನಿಜವಾಗಿಯೂ ಊರು ಬಿಟ್ಟು ನೋಡಿ. ಡಂಗುರ ಸಾರಿದ ಮೇಲೆ ಕೊನೆಯ ಮನೆಯವರು ಕಾಳಜಿ ಕೇಂದ್ರ ಮುಟ್ಟಲು ಎಷ್ಟು ಹೊತ್ತಾಯಿತು ಎಂದು ಬರೆಯಿರಿ. ಹಗಲಲ್ಲಿ ಎರಡು ಗಂಟೆ ಹಿಡಿದರೆ ರಾತ್ರಿ ಮಳೆಯಲ್ಲಿ ನಾಲ್ಕು ಎಂದು ಲೆಕ್ಕ ಹಾಕಿ, ಕೆಂಪು ಗೆರೆಯನ್ನು ಅಷ್ಟು ಕೆಳಗೆ ಇಳಿಸಿ. ನವೆಂಬರ್‌ನಲ್ಲಿ ಬರದ ಲೆಕ್ಕ. ಇಷ್ಟಾದ ಮೇಲೆ ಪುಸ್ತಕದ ಎರಡು ಜೆರಾಕ್ಸ್ ಮಾಡಿಸಿ. ಒಂದನ್ನು ಪಿಡಿಒಗೆ, ಇನ್ನೊಂದನ್ನು ತಹಶೀಲ್ದಾರ್ ಕಚೇರಿಗೆ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಆ ಸೀಲು ಬಿದ್ದ ಹಾಳೆಯನ್ನು ಪುಸ್ತಕದ ಮೊದಲ ಪುಟಕ್ಕೇ ಅಂಟಿಸಿ. ಆಗಸ್ಟ್‌ನಲ್ಲಿ ಬೋಟು, ಟ್ಯಾಂಕರ್, ಮರು ಸಮೀಕ್ಷೆ ಯಾವುದನ್ನೇ ಕೇಳಲು ಹೋದರೂ ಅದನ್ನು ಮೊದಲು ತೋರಿಸಬಹುದು.